ಲ್ಯಾಪ್‌ಟಾಪ್ ಮಲಗಿಬಿಟ್ಟರೆ ಮೂರು ಗಂಟೆ ಅಂದರೆ ಎಷ್ಟು ಹೊತ್ತು?

ತೋಟದಮನೆ, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ಒಂದು ಪಂಪಿನ ಕಥೆ ಹೇಳಿ ಒಂದು ಪ್ರಶ್ನೆ ಕೇಳಬೇಕು. ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ನಮ್ಮದು ರೋಬಸ್ಟಾ ಕಾಫಿ ತೋಟ. ಈಗ ಹೂವಿಗೆ ನೀರು ಹೊಡೆಯುವ ಕಾಲ. ಹೊಂಡದ ಹತ್ತಿರ ಡೀಸೆಲ್ ಎಂಜಿನ್, ಅಲ್ಲಿಂದ ಪೈಪ್ ಲೈನ್, ತುದಿಯಲ್ಲಿ ಜೆಟ್. ಒಂದು ಜಾಗಕ್ಕೆ ಮೂರು ಗಂಟೆ ಹೊಡೆದು ಪೈಪ್ ಬದಲಿಸುತ್ತೇವೆ. ನಡುರಾತ್ರಿ ಎದ್ದು ಹೋಗಿ ಎಂಜಿನ್ ನಿಲ್ಲಿಸುವುದು ಬೇಜಾರು ಅಂತ ನಾನೇ ಒಂದು ಸಣ್ಣ ಪೈಥಾನ್ ಪ್ರೋಗ್ರಾಂ ಬರೆದೆ. ಪಂಪ್‌ಹೌಸಿನಲ್ಲಿ ಹಳೇ ಲ್ಯಾಪ್‌ಟಾಪ್, ಅದರಲ್ಲಿ ಉಬುಂಟು, ಅಂದರೆ ಒಂದು ಥರದ ಲಿನಕ್ಸ್. ಪಕ್ಕದಲ್ಲಿ ಎಂಜಿನ್ ಬ್ಯಾಟರಿಯಿಂದಲೇ ನಡೆಯುವ ಒಂದು ರಿಲೇ ಬೋರ್ಡ್. ಲ್ಯಾಪ್‌ಟಾಪ್ ‘ನಿಲ್ಲಿಸು’ ಅಂದರೆ ಬೋರ್ಡ್ ಸ್ಟಾಪ್ ಸೊಲೆನಾಯ್ಡ್‌ಗೆ ಕರೆಂಟ್ ಕೊಡುತ್ತದೆ, ಎಂಜಿನ್ ನಿಲ್ಲುತ್ತದೆ. ಪ್ರೋಗ್ರಾಂ ಇಷ್ಟೇ: ಒಂದು ನಿಮಿಷ ಸ್ಲೀಪ್, ಲೆಕ್ಕದಲ್ಲಿ ಒಂದು ಕಳೆ, ಬಾಕಿ ಎಷ್ಟು ಅಂತ ತೋರಿಸು. ಹೀಗೆ 180 ಸಲ.

ಹತ್ತು ದಿನ ಚೆನ್ನಾಗಿ ನಡೆಯಿತು. ಮೊನ್ನೆ ರಾತ್ರಿ 9 ಗಂಟೆಗೆ ಶುರು ಮಾಡಿ ಮನೆಗೆ ಬಂದು ಮಲಗಿದೆ. ಬೆಳಗ್ಗೆ ಐದು ಗಂಟೆ ದಾಟಿತ್ತು, ಅಮ್ಮ ಎಬ್ಬಿಸಿದರು. ‘ಎಂಜಿನ್ ಇನ್ನೂ ಓಡ್ತಿದೆ ಕಣೋ. ಸದ್ದು ಯಾಕೋ ಹಗುರ ಆಗಿದೆ’ ಅಂದರು. ಓಡಿದೆ. ಹೊಂಡದ ತಳದಲ್ಲಿ ಫುಟ್‌ವಾಲ್ (ನೀರು ಎಳೆಯುವ ಪೈಪಿನ ತುದಿ) ಕೆಸರಿನ ಮೇಲೆ ಕೂತಿದೆ. ಪಂಪ್ ಮುಟ್ಟೋಕೆ ಆಗದಷ್ಟು ಬಿಸಿ. ಲ್ಯಾಪ್‌ಟಾಪ್ ಪರದೆ ಕಪ್ಪಗಿತ್ತು. ಕೀ ಒತ್ತಿದರೆ ಎದ್ದು ಕೂತು, ಏನೂ ಆಗೇ ಇಲ್ಲ ಅನ್ನೋ ಥರ ‘122 ನಿಮಿಷ ಬಾಕಿ’ ಅಂತ ತೋರಿಸಿತು.

ಲಾಗ್ ನೋಡಿದೆ. ರಾತ್ರಿ 9:58ರ ಸಾಲು ಆದ ಮೇಲೆ ಮುಂದಿನ ಸಾಲು 5:31. ನಡುವೆ ಏನೂ ಇಲ್ಲ. ಆವತ್ತು 9:40ರ ಹೊತ್ತಿಗೆ ಕರೆಂಟ್ ಹೋಗಿತ್ತಂತೆ. ಲ್ಯಾಪ್‌ಟಾಪ್ ಬ್ಯಾಟರಿಗೆ ಬಂದಿದೆ, ಯಾರೂ ಮುಟ್ಟಿಲ್ಲ ಅಂತ ಮಲಗಿದೆ. ಡೀಸೆಲ್ ಎಂಜಿನ್‌ಗೆ ಕರೆಂಟ್ ಇದ್ದರೇನು, ಹೋದರೇನು.

ನನ್ನ ಪ್ರಶ್ನೆ: ಕಂಪ್ಯೂಟರ್ ಮಲಗಿದಾಗ ಅದರ ಗಡಿಯಾರವೂ ನಿಲ್ಲುತ್ತದಾ? ಎದ್ದ ಮೇಲೆ ಮೂಲೆಯಲ್ಲಿ 5:31 ಅಂತ ಸರಿಯಾಗೇ ತೋರಿಸುತ್ತಿತ್ತಲ್ಲ?

ಕಂಬಳಿಹುಳ, ಹಾಸನ

ಅಣ್ಣಾ, ಸಿಂಪಲ್. ನಿಮಿಷ ಎಣಿಸಬೇಡಿ. ಶುರುವಿನಲ್ಲೇ ಟೈಮ್ ಡಾಟ್ ಟೈಮ್, ಅಂದರೆ ಈಗಿನ ತಾರೀಖು ಗಂಟೆ, ತಗೊಂಡು ಅದಕ್ಕೆ ಮೂರು ಗಂಟೆ ಕೂಡಿಸಿ ಇಟ್ಟುಕೊಳ್ಳಿ. ಅದು ದಾಟಿದ ಕೂಡಲೇ ನಿಲ್ಲಿಸಿ. ಮುಗೀತು.

ನಮ್ಮ ಹಾಸನದಲ್ಲೇ ಇಸ್ರೋದ ಎಂಸಿಎಫ್ ಇದೆ, 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳನ್ನು ಇಲ್ಲಿಂದಲೇ ನೋಡಿಕೊಳ್ಳುತ್ತಾರೆ. ನಮಗೆ ಒಂದು ಪಂಪ್ ಆಗಲ್ವಾ?

ಹೇಮಾವತಿ, ಬೆಂಗಳೂರು (ಊರು ಹಾಸನ)

ಅಷ್ಟು ಬೇಗ ಮುಗಿಸಬೇಡಿ. ಮೊದಲು ತೋಟದಮನೆ ಅವರ ಪ್ರಶ್ನೆಗೆ ಬರುತ್ತೇನೆ, ಒಳ್ಳೇ ಪ್ರಶ್ನೆ ಅದು.

ಲ್ಯಾಪ್‌ಟಾಪ್‌ನಲ್ಲಿ ಗಡಿಯಾರ ಒಂದಲ್ಲ. ಮದರ್‌ಬೋರ್ಡ್ ಮೇಲೆ ಒಂದು ಸಣ್ಣ ಗಡಿಯಾರ ಇದೆ, ಆರ್‌ಟಿಸಿ ಅಂತಾರೆ. ಅದು ಮಲಗುವುದೇ ಇಲ್ಲ, ಮಷೀನ್ ಪೂರ್ತಿ ಆಫ್ ಆದರೂ ಓಡುತ್ತಿರುತ್ತದೆ. ಇನ್ನೊಂದು ಪ್ರೊಸೆಸರ್ ಒಳಗಿನ ಕೌಂಟರ್. ಅದು ತುಂಬಾ ಸೂಕ್ಷ್ಮ. ಆದರೆ ಗಾಢ ನಿದ್ದೆಯಲ್ಲಿ ಸಾಮಾನ್ಯವಾಗಿ ನಿಲ್ಲುತ್ತದೆ, ಇಲ್ಲವೇ ಸೊನ್ನೆಯಿಂದ ಶುರುವಾಗುತ್ತದೆ. ಎದ್ದಿರುವಾಗ ಲಿನಕ್ಸ್ ಈ ಕೌಂಟರನ್ನು ನಂಬುತ್ತದೆ. ಎದ್ದ ಕೂಡಲೇ ನಿದ್ದೆ ಮಾಡದವರನ್ನು ಕೇಳುತ್ತದೆ: ‘ನಾನು ಎಷ್ಟು ಹೊತ್ತು ಮಲಗಿದ್ದೆ?’ ಮೂಲೆಯಲ್ಲಿ 5:31 ಸರಿಯಾಗಿ ಬಂದದ್ದು ಹೀಗೆ.

ಈಗ ಪ್ರೋಗ್ರಾಂಗಳಿಗೆ ಲಿನಕ್ಸ್ ಮೂರು ಮುಖ್ಯ ಗಡಿಯಾರ ಕೊಡುತ್ತದೆ. ರಿಯಲ್‌ಟೈಮ್ ಅಂದರೆ ತಾರೀಖು, ಗಂಟೆ. ಇದನ್ನು ಹಿಂದೆ ಮುಂದೆ ತಿರುಗಿಸಬಹುದು. ಮೊನೊಟಾನಿಕ್ ಎಂದೂ ಹಿಂದಕ್ಕೆ ಹೋಗುವುದಿಲ್ಲ, ಆದರೆ ಮಷೀನ್ ಮಲಗಿದ್ದ ಹೊತ್ತು ಅದರ ಲೆಕ್ಕಕ್ಕಿಲ್ಲ. ಬೂಟ್‌ಟೈಮ್ ಕೂಡ ಹಿಂದಕ್ಕೆ ಹೋಗುವುದಿಲ್ಲ, ನಿದ್ದೆಯನ್ನೂ ಸೇರಿಸಿ ಎಣಿಸುತ್ತದೆ. ಇದು 2011ರಲ್ಲಿ, ಲಿನಕ್ಸ್‌ನ ತಿರುಳಾದ ಕರ್ನಲ್‌ನ 2.6.39 ಆವೃತ್ತಿಯಲ್ಲಿ ಬಂತು. ಪೈಥಾನ್‌ನ ಟೈಮ್ ಡಾಟ್ ಸ್ಲೀಪ್ ಲಿನಕ್ಸ್‌ನಲ್ಲಿ ಮೊನೊಟಾನಿಕ್ ಮೇಲೆ ನಡೆಯುತ್ತದೆ. ಅದಕ್ಕೇ ನಿಮ್ಮ 122 ನಿಮಿಷ ಹಾಗೇ ಕೂತಿತ್ತು. ಅದು ತಪ್ಪು ಎಣಿಸಿಲ್ಲ, ತಾನು ಎದ್ದಿದ್ದ ಹೊತ್ತನ್ನು ಸರಿಯಾಗೇ ಎಣಿಸಿದೆ.

ಮಳೆಪುಸ್ತಕ, ಸಕಲೇಶಪುರ

ನಾನು ಕಂಪ್ಯೂಟರ್ ಕಲಿತವನಲ್ಲ. ಮಗಳು ಈ ಚರ್ಚೆ ತೋರಿಸಿದಳು. ಹೇಮಾವತಿಯವರೇ, ನೀವು ಹೇಳಿದ್ದು ನಮ್ಮ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಇದ್ದ ಹಾಗಲ್ವಾ? ಒಬ್ಬ ಆಳು ತೋಟಕ್ಕೆ ಸೇರಿ 90 ದಿನ ಆಗಿದೆ ಅನ್ನಿ. ಚೆಕ್‌ರೋಲ್‌ನಲ್ಲಿ ಅವನದು 71 ದಿನ. ಜ್ವರ ಬಂದು ಮಲಗಿದ್ದು, ಜಾತ್ರೆಗೆ ಹೋಗಿದ್ದು ಅದರಲ್ಲಿ ಬರಲ್ಲ. ಗೋಡೆ ಮೇಲೆ ಕ್ಯಾಲೆಂಡರ್ ಬೇರೆ ಇದೆ. ಮೂರೂ ಸರಿ. ಸಂಬಳಕ್ಕೆ ಚೆಕ್‌ರೋಲ್ ನೋಡ್ತೀವಿ, ಹಬ್ಬಕ್ಕೆ ಕ್ಯಾಲೆಂಡರ್.

ಹೇಮಾವತಿ

ಸರ್, ನಮ್ಮ ಆಫೀಸಿನಲ್ಲಿ ಇದನ್ನು ಹೇಳೋಕೆ ನಾನು ಎರಡು ಗಂಟೆ ತಗೊಂಡಿದ್ದೆ. ಇನ್ನು ಮೇಲೆ ಚೆಕ್‌ರೋಲ್ ಅಂತಲೇ ಹೇಳುತ್ತೇನೆ. ಮೊನೊಟಾನಿಕ್ ಅಂದರೆ ಚೆಕ್‌ರೋಲ್, ಬೂಟ್‌ಟೈಮ್ ಅಂದರೆ ಸೇರಿ ಎಷ್ಟು ದಿನ ಆಯ್ತು, ರಿಯಲ್‌ಟೈಮ್ ಅಂದರೆ ಕ್ಯಾಲೆಂಡರ್. ಮಷೀನ್ ರೀಸ್ಟಾರ್ಟ್ ಆದರೆ ಆಳು ಕೆಲಸ ಬಿಟ್ಟು ಹೊಸದಾಗಿ ಸೇರಿದ ಹಾಗೆ. ಮೊದಲ ಎರಡೂ ಸೊನ್ನೆಯಿಂದ ಶುರು.

ಕಂಬಳಿಹುಳ

ಅಕ್ಕ, ಹಾಗಾದರೆ ಮೊನೊಟಾನಿಕ್ ಯಾಕೆ ಬೇಕು? ಎಲ್ಲರೂ ಬೂಟ್‌ಟೈಮ್ ಬಳಸಿದರೆ ಮುಗೀತಲ್ಲ?

ಹೇಮಾವತಿ

ಕರ್ನಲ್ ಬರೆಯುವವರಿಗೂ ಒಮ್ಮೆ ಹಾಗೇ ಅನ್ನಿಸಿತ್ತು. 2018ರಲ್ಲಿ 4.17 ತಯಾರಾಗುವಾಗ ಮೊನೊಟಾನಿಕ್ ಕೂಡ ನಿದ್ದೆಯನ್ನು ಎಣಿಸಲಿ ಅಂತ ಬದಲಾಯಿಸಿದರು. ಪರೀಕ್ಷೆ ಮಾಡುತ್ತಿದ್ದವರ ಲ್ಯಾಪ್‌ಟಾಪ್‌ಗಳು ಎದ್ದ ಕೂಡಲೇ ಗಲಾಟೆ. ಸಿಸ್ಟಂಡಿ (ಲಿನಕ್ಸ್‌ನಲ್ಲಿ ಹಿನ್ನೆಲೆ ಪ್ರೋಗ್ರಾಂಗಳನ್ನು ನಡೆಸುವ ಮೇಸ್ತ್ರಿ) ತನ್ನ ಕೆಳಗಿನ ಸರ್ವಿಸ್‌ಗಳಿಗೆ ‘ಇಷ್ಟು ಸೆಕೆಂಡಿಗೊಮ್ಮೆ ಬದುಕಿದ್ದೀನಿ ಅಂತ ಹೇಳು’ ಅನ್ನುತ್ತದೆ. ಮಷೀನ್ ಮಲಗಿದ್ದಾಗ ಪಾಪ ಅವು ಹೇಗೆ ಹೇಳುತ್ತವೆ? ಎದ್ದ ಕೂಡಲೇ ‘ಇವನು ಗಂಟೆಗಟ್ಟಲೆ ಉಸಿರೆತ್ತಿಲ್ಲ, ಸತ್ತಿರಬೇಕು’ ಅಂತ ಸಿಸ್ಟಂಡಿ ಅವುಗಳನ್ನು ಕೊಂದುಹಾಕಿತು. ನೆಟ್‌ವರ್ಕ್ ಸಂಪರ್ಕಗಳೂ ಕಡಿದವು. ಆ ಆವೃತ್ತಿ ಹೊರಬರುವ ಮೊದಲೇ ಬದಲಾವಣೆ ವಾಪಸ್ ತಗೊಂಡರು.

ಉತ್ತರಕ್ಕೆ 30 ಸೆಕೆಂಡ್ ಕಾಯುತ್ತೇನೆ ಅನ್ನುವಂಥ ಕೆಲಸಕ್ಕೆ ಚೆಕ್‌ರೋಲೇ ಸರಿ. ಇಬ್ಬರೂ ಮಲಗಿದ್ದ ಹೊತ್ತನ್ನು ಒಬ್ಬನ ಮೇಲೆ ಹಾಕಬಾರದು. ನಿಮ್ಮ ಎಂಜಿನ್ ಮಾತ್ರ ಲ್ಯಾಪ್‌ಟಾಪ್ ಜೊತೆ ಮಲಗಲ್ಲ, ಅದಕ್ಕೆ ಬೂಟ್‌ಟೈಮ್.

ಬೇರೆ ಕಡೆ ಹೆಸರುಗಳು ಇನ್ನೂ ತಲೆ ತಿನ್ನುತ್ತವೆ. ಆಪಲ್ ಮಷೀನಿನಲ್ಲಿ ಕ್ಲಾಕ್ ಮೊನೊಟಾನಿಕ್ ಅನ್ನುವುದೇ ನಿದ್ದೆಯನ್ನು ಎಣಿಸುತ್ತದೆ. ವಿಂಡೋಸ್‌ನಲ್ಲಿ ಗೆಟ್ ಟಿಕ್ ಕೌಂಟ್ 64 ನಿದ್ದೆ ಸೇರಿಸಿಕೊಳ್ಳುತ್ತದೆ. ಆದರೆ ವಿಂಡೋಸ್ 8ರಿಂದೀಚೆಗೆ ಅದೇ ವಿಂಡೋಸ್‌ನ ಸ್ಲೀಪ್ ಫಂಕ್ಷನ್ ಸೇರಿಸಿಕೊಳ್ಳಲ್ಲ! ಆಂಡ್ರಾಯ್ಡ್‌ನಲ್ಲಿ ಅಪ್‌ಟೈಮ್ ಮಿಲ್ಲಿಸ್ ನಿಲ್ಲುತ್ತದೆ, ಇಲ್ಯಾಪ್ಸ್ಡ್ ರಿಯಲ್‌ಟೈಮ್ ಓಡುತ್ತದೆ. ಹೆಸರು ನಂಬಬೇಡಿ, ಆಯಾ ಸಿಸ್ಟಂನ ಕೈಪಿಡಿಯಲ್ಲಿ ಆ ಒಂದು ಸಾಲು ಓದಿ.

ತೋಟದಮನೆ

ಮಾರಾಯ್ರೇ, ನಾನು ಆತುರಗಾರ. ಹೇಮಾವತಿ ಮೇಡಂ ಬರೆಯುವ ಮೊದಲೇ ಕಂಬಳಿಹುಳ ಹೇಳಿದ ಹಾಗೆ ಟೈಮ್ ಡಾಟ್ ಟೈಮ್ ಹಾಕಿಬಿಟ್ಟೆ. ಮಲಗುವ ಸೆಟ್ಟಿಂಗೂ ಆಫ್ ಮಾಡಿದೆ. ಈಗ ಎರಡನೇ ಕಥೆ ಕೇಳಿ.

ಮೊನ್ನೆ ರಾತ್ರಿ ಮತ್ತೆ ಕರೆಂಟ್ ಇಲ್ಲ. ಹಳೇ ಬ್ಯಾಟರಿ, ಲ್ಯಾಪ್‌ಟಾಪ್ ಪೂರ್ತಿ ಸತ್ತೇ ಹೋಯಿತು. ಆವಾಗ ನೀರು ಹೊಡೆಯುತ್ತಿರಲಿಲ್ಲ, ಪುಣ್ಯ. ನಿನ್ನೆ ಸಂಜೆ ಕರೆಂಟ್ ಬಂದ ಮೇಲೆ ಆನ್ ಮಾಡಿದೆ. ಗಡಿಯಾರ ಹಿಂದಿನ ರಾತ್ರಿಯದೇ ಸಮಯ ತೋರಿಸುತ್ತಿತ್ತು. ಟವರ್ ಬೇರೆ ಇರಲಿಲ್ಲ. ಇರಲಿ, ಮೂರು ಗಂಟೆ ಎಣಿಸೋಕೆ ತಾರೀಖು ಯಾಕೆ ಅಂತ ಎಂಜಿನ್ ಶುರು ಮಾಡಿ ಬಂದೆ. ನಲವತ್ತು ನಿಮಿಷಕ್ಕೆ ಟವರ್ ಬಂದಿದೆ. ಲ್ಯಾಪ್‌ಟಾಪ್ ಇಂಟರ್‌ನೆಟ್ ನೋಡಿ ಗಡಿಯಾರವನ್ನು ಒಂದೇ ಸಲ ಇವತ್ತಿಗೆ ಹಾರಿಸಿದೆ. ‘ಓಹೋ, ಮೂರು ಗಂಟೆ ಯಾವಾಗಲೋ ದಾಟಿತು’ ಅಂತ ಪ್ರೋಗ್ರಾಂ ಎಂಜಿನ್ ನಿಲ್ಲಿಸಿಬಿಟ್ಟಿತು.

ಬೆಳಗ್ಗೆ ತೋಟದ ರೈಟರ್ (ಲೆಕ್ಕ ಬರೆಯುವವರು) ಬಂದು ಎಂಜಿನ್ ನಿಂತಿದ್ದು ನೋಡಿ, ನೀರು ಪೂರ್ತಿ ಆಗಿದೆ ಅಂದುಕೊಂಡು ಪೈಪ್ ಬದಲಿಸಿದ್ದಾರೆ. ಒಂದು ಜಾಗ ಅರೆ ನೀರಿನಲ್ಲಿ ನಿಂತಿದೆ.

ಮಳೆಪುಸ್ತಕ

ಅಯ್ಯೋ. ಅರೆಬರೆ ನೀರು ಕೊಡುವುದಕ್ಕಿಂತ ಕೊಡದೇ ಇರುವುದು ವಾಸಿ ಕಣಪ್ಪ. ಮೊಗ್ಗು ಬಿರಿಯೋಕೆ ಹೊರಟು ಕೆಡುತ್ತದೆ. ಇವತ್ತೇ ಹೋಗಿ ಆ ಜಾಗಕ್ಕೆ ಬಾಕಿ ನೀರು ಹೊಡೆಸು. ಕಂಪ್ಯೂಟರ್ ಆಮೇಲೆ.

ಸಾಲಗಾಮೆ ರೋಡ್, ಹಾಸನ

ನಾನು ಲ್ಯಾಪ್‌ಟಾಪ್ ರಿಪೇರಿ ಮಾಡುವವನು. ತೋಟದಮನೆ ಸರ್, ನಿಮ್ಮದು ಸೀಮಾಸ್ ಸೆಲ್, ಅಂದರೆ ಆರ್‌ಟಿಸಿಯನ್ನು ಓಡಿಸುವ ಸಣ್ಣ ಸೆಲ್, ಹೋಗಿದೆ. ಹಿಂದಿನ ರಾತ್ರಿಯ ಟೈಮ್ ತೋರಿಸಿದ್ದು ಆರ್‌ಟಿಸಿಯ ಪ್ರತಾಪ ಅಲ್ಲ. ಉಬುಂಟು ತನಗೆ ಕೊನೆಗೆ ಗೊತ್ತಿದ್ದ ಸಮಯವನ್ನು ಡಿಸ್ಕ್‌ನಲ್ಲಿ ಬರೆದಿಟ್ಟಿರುತ್ತದೆ. ಆರ್‌ಟಿಸಿ ಅದಕ್ಕಿಂತ ಹಳೇ ಟೈಮ್ ಹೇಳಿದರೆ ಬರೆದಿಟ್ಟದ್ದನ್ನೇ ಹಾಕಿಕೊಳ್ಳುತ್ತದೆ. ಇಲ್ಲದಿದ್ದರೆ ಯಾವುದೋ ಹಳೇ ಇಸವಿ ಬರುತ್ತಿತ್ತು.

ಕೆಳಗಿನ ಮುಚ್ಚಳ ಬಿಚ್ಚಿ. ಹಳೇ ಮಾಡೆಲ್ ಆದರೆ ಹಳದಿಯದೋ ಕಪ್ಪು ಬಣ್ಣದ್ದೋ ಹೊದಿಕೆ ಸುತ್ತಿದ ದುಂಡು ಸೆಲ್, ಎರಡು ಸಣ್ಣ ವೈರ್ ಇರುತ್ತದೆ. ಸಾಮಾನ್ಯವಾಗಿ ಸಿಆರ್ 2032, 3 ವೋಲ್ಟ್. ಮೀಟರ್ ಇಟ್ಟು ನೋಡಿ, ಎರಡೂವರೆಗಿಂತ ಕಡಿಮೆ ಬಂದರೆ ಬದಲಿಸಿ. ಹೊಸ ಮಾಡೆಲ್ ಕೆಲವದರಲ್ಲಿ ಈ ಸೆಲ್ಲೇ ಇರಲ್ಲ, ದೊಡ್ಡ ಬ್ಯಾಟರಿಯಿಂದಲೇ ಎಲ್ಲ.

ಸೆಲ್ ಚೆನ್ನಾಗಿದ್ದರೂ ಆರ್‌ಟಿಸಿಯನ್ನು ದೇವರು ಅಂದುಕೊಳ್ಳಬೇಡಿ. ಒಳಗಿರುವುದು ಕೈಗಡಿಯಾರದ ಹರಳೇ, ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು 15 ಸಲ ಅರ್ಧ ಮಾಡಿದರೆ ಸರಿಯಾಗಿ ಒಂದು ಬರುತ್ತದೆ, ಅದಕ್ಕೇ ಆ ಸಂಖ್ಯೆ. ಹತ್ತು ಲಕ್ಷಕ್ಕೆ 20 ಆಚೀಚೆ ಆದರೆ ದಿನಕ್ಕೆ 1.7 ಸೆಕೆಂಡ್, ತಿಂಗಳಿಗೆ ಐವತ್ತು ಸೆಕೆಂಡಿನ ಹತ್ತಿರ. ಚಳಿಗೂ ನಿಧಾನ ಆಗುತ್ತದೆ, ಬಿಸಿಗೂ ನಿಧಾನ ಆಗುತ್ತದೆ. ಪಂಪಿಗೆ ಇದು ಲೆಕ್ಕಕ್ಕಿಲ್ಲ ಬಿಡಿ.

ಇನ್ನೊಂದು, ಕೇಳದಿದ್ದರೂ ಹೇಳುತ್ತೇನೆ. ಒಂದೇ ಮಷೀನಿನಲ್ಲಿ ವಿಂಡೋಸೂ ಲಿನಕ್ಸೂ ಇದ್ದರೆ ಟೈಮ್ ಐದೂವರೆ ಗಂಟೆ ಹಿಂದೆ ಮುಂದೆ ಆಗುತ್ತದೆ. ಸೆಲ್ ಹಾಕಿಕೊಡಿ ಅಂತ ಬರುತ್ತಾರೆ. ಸೆಲ್ ತಪ್ಪಲ್ಲ. ವಿಂಡೋಸ್ ಆರ್‌ಟಿಸಿಯಲ್ಲಿ ನಮ್ಮ ಸಮಯ ಬರೆಯುತ್ತದೆ, ಲಿನಕ್ಸ್ ಅಲ್ಲಿ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಇದೆ ಅಂದುಕೊಂಡು ಓದುತ್ತದೆ. ಒಂದನ್ನು ಬದಲಿಸಿದರೆ ಸಾಕು.

ಕಂಬಳಿಹುಳ

ಅಣ್ಣಾ ಸಾರಿ. ನನ್ನ ಐಡಿಯಾದಿಂದ ಹೂವು ಹಾಳಾಯಿತು.

ತೋಟದಮನೆ

ಬಿಡಪ್ಪ, ಹಾಕಿದ್ದು ನಾನೇ ಅಲ್ವಾ. ಬಾಕಿ ನೀರು ಹೊಡೆಸಿದೆ. ಎಂಜಿನ್ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದೆ, ಕೈಗಡಿಯಾರ ನೋಡಿಕೊಂಡು. ಬೂಟ್‌ಟೈಮ್‌ಗೆ ಬದಲಿಸುತ್ತಿದ್ದೇನೆ ಈಗ.

ವೈಂಡಿಂಗ್ ಅಂಗಡಿ, ಚಿಕ್ಕಮಗಳೂರು

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಇನ್ನು ತಡೆಯಲ್ಲ. ನೀವೆಲ್ಲ ಯಾವ ಗಡಿಯಾರ ಅಂತ ಜಗಳ ಆಡುತ್ತಿದ್ದೀರಿ. ಮಲಗಿರುವವನ ಕೈಗೆ ಎಷ್ಟು ಒಳ್ಳೇ ವಾಚ್ ಕಟ್ಟಿದರೇನು? ಆ ರಾತ್ರಿ ನಿಮ್ಮ ಪ್ರೋಗ್ರಾಂ ಬೂಟ್‌ಟೈಮ್ ಬಳಸಿದ್ದರೂ 5:31ಕ್ಕೆ ಎದ್ದು ‘ಅಯ್ಯೋ ತಡ ಆಯ್ತು’ ಅಂತ ಎಂಜಿನ್ ನಿಲ್ಲಿಸುತ್ತಿತ್ತು. ಪಂಪ್ ಅಷ್ಟರಲ್ಲಿ ಸುಟ್ಟಿರುತ್ತಿತ್ತು. ಸೀಲ್ ನೋಡಿಸಿದಿರಾ, ಅದು ಹೇಳಿ ಮೊದಲು.

ವೈರಿಂಗೇ ಉಲ್ಟಾ ಇದೆ. ಕರೆಂಟ್ ಕೊಟ್ಟರೆ ನಿಲ್ಲುವ ಸೊಲೆನಾಯ್ಡ್ ಹಾಕಿದ್ದೀರಿ. ಹೇಳುವವನು ಸತ್ತರೆ ಎಂಜಿನ್ ಓಡುತ್ತಲೇ ಇರುತ್ತದೆ. ಸೊಲೆನಾಯ್ಡ್‌ಗೆ ಕರೆಂಟ್ ಇದ್ದರೆ ಮಾತ್ರ ಎಂಜಿನ್ ಓಡುವ ಥರದ್ದು ಹಾಕಿ. ಹೊಂಡದಲ್ಲಿ ಒಂದು ಫ್ಲೋಟ್ ಸ್ವಿಚ್. ನೀರು ಕೆಳಗಿಳಿದರೆ ಲ್ಯಾಪ್‌ಟಾಪನ್ನು ಕೇಳದೆ ಎಂಜಿನ್ ನಿಲ್ಲಬೇಕು.

ಅಂದಹಾಗೆ ಇದಕ್ಕೆಲ್ಲ ಲ್ಯಾಪ್‌ಟಾಪ್ ಯಾಕೆ? ಪ್ಯಾನೆಲ್ ಟೈಮರ್ ಒಂದು ಸಾಕು.

ಹೇಮಾವತಿ

ವೈಂಡಿಂಗ್ ಅಂಗಡಿಯವರು ಹೇಳಿದ್ದು ನೂರಕ್ಕೆ ನೂರು ಸರಿ, ನಾನು ಮೊದಲೇ ಹೇಳಬೇಕಿತ್ತು. ಹೊತ್ತು ಸರಿಯಾಗಿ ಗೊತ್ತಾಗುವುದು ಬೇರೆ, ಹೊತ್ತಿಗೆ ಎದ್ದಿರುವುದು ಬೇರೆ. ಎರಡನೆಯದಕ್ಕೆ ಮೂರು ದಾರಿ. ಎಂಜಿನ್ ಓಡುವಷ್ಟು ಹೊತ್ತು ‘ಮಲಗಬೇಡ’ ಅಂತ ತಡೆಯಬಹುದು, ಸಿಸ್ಟಂಡಿ ಇನ್‌ಹಿಬಿಟ್ ಅನ್ನುವ ಕಮಾಂಡ್ ಇದೆ. ಮಲಗಿದರೂ ಇಷ್ಟು ಹೊತ್ತಿಗೆ ಎಬ್ಬಿಸು ಅಂತ ಆರ್‌ಟಿಸಿಗೇ ಅಲಾರಂ ಇಡಬಹುದು, ಅದಕ್ಕೆ ಆರ್‌ಟಿಸಿ ವೇಕ್. ಮೂರನೆಯದು, ಕೆಲಸವನ್ನೇ ಮಲಗದವರಿಗೆ ಕೊಡುವುದು.

ನಿಮ್ಮ ರಿಲೇ ಬೋರ್ಡ್ ಎಂಜಿನ್ ಬ್ಯಾಟರಿಯಿಂದ ನಡೆಯುತ್ತದೆ, ಅದು ಮಲಗಲ್ಲ. ಲ್ಯಾಪ್‌ಟಾಪ್ ನಿಮಿಷಕ್ಕೊಮ್ಮೆ ‘ಇದ್ದೀನಿ, ಓಡಿಸು’ ಅನ್ನಲಿ. ಐದು ನಿಮಿಷ ಮಾತಿಲ್ಲ ಅಂದರೆ ಬೋರ್ಡ್ ತಾನೇ ಎಂಜಿನ್ ನಿಲ್ಲಿಸಲಿ. ಬೋರ್ಡ್‌ನ ಮಿಲಿಸೆಕೆಂಡ್ ಎಣಿಕೆ 32 ಬಿಟ್‌ನದು, 49.7 ದಿನಕ್ಕೆ ಸೊನ್ನೆಗೆ ತಿರುಗುತ್ತದೆ. ‘ಈಗಿನದರಲ್ಲಿ ಆಗಿನದು ಕಳೆ’ ಅಂತ ಬರೆದರೆ ತಿರುಗಿದರೂ ಲೆಕ್ಕ ತಪ್ಪಲ್ಲ. ‘ಆಗಿನದಕ್ಕೆ ಐದು ನಿಮಿಷ ಕೂಡಿಸಿ ಹೋಲಿಸು’ ಅಂತ ಬರೆದರೆ ಒಂದು ರಾತ್ರಿ ತಪ್ಪುತ್ತದೆ.

ತೋಟದಮನೆ

ಸೀಲ್ ಸುಟ್ಟಿತ್ತು, ಬದಲಿಸಿದೆ. ಲ್ಯಾಪ್‌ಟಾಪ್ ಯಾಕೆ ಅಂದರೆ ಯಾವ ಬ್ಲಾಕ್‌ಗೆ ಯಾವತ್ತು ಎಷ್ಟು ಹೊತ್ತು ನೀರು, ಡೀಸೆಲ್ ಎಷ್ಟು ಅಂತ ಅದೇ ಬರೆದಿಡುತ್ತದೆ. ಅಪ್ಪ ಇದ್ದಾಗ ನೋಟ್‌ಬುಕ್ಕಲ್ಲಿ ಬರೆಯುತ್ತಿದ್ದರು.

ಆದರೆ ಒಂದು ಅನುಮಾನ. ಮೇಡಂ ಹೇಳಿದ ಹಾಗೆ ಮಾಡಿದರೆ ಲ್ಯಾಪ್‌ಟಾಪ್ ಮಲಗಿದಾಗ ಎಂಜಿನ್ ನಿಲ್ಲುತ್ತದೆ, ಸರಿ. ಆಗ ಬೂಟ್‌ಟೈಮ್ ‘ಮೂರು ಗಂಟೆ ಆಯ್ತು’ ಅನ್ನುತ್ತದೆ, ನೀರು ಹೋಗಿರುವುದು ಒಂದೇ ಗಂಟೆ. ಮತ್ತೆ ಅರೆ ನೀರೇ!

ಮಳೆಪುಸ್ತಕ

ನಿಮ್ಮಪ್ಪ ನೋಟ್‌ಬುಕ್ಕಲ್ಲಿ ಏನು ಬರೆಯುತ್ತಿದ್ದರು ಅಂತ ತೆಗೆದು ನೋಡು. ಗಡಿಯಾರದ ಟೈಮ್ ಬರೆದಿರಲ್ಲ. ಎಂಜಿನ್‌ನ ಅವರ್ ಮೀಟರ್ ಬರೆದಿರುತ್ತಾರೆ. ಶುರುವಿನಲ್ಲಿ ಒಂದು ರೀಡಿಂಗ್, ಕೊನೆಗೊಂದು.

ಹೇಮಾವತಿ

ನಾನು ಮೂರು ಗಡಿಯಾರ ಹೇಳಿದೆ, ನಾಲ್ಕನೆಯದು ಎಂಜಿನ್ ಮೇಲೇ ಇತ್ತು. ನೀರಿನ ಲೆಕ್ಕಕ್ಕೆ ಬೇಕಾದ್ದು ಅದೊಂದೇ. ಎಂಜಿನ್ ಎಷ್ಟು ನಿಮಿಷ ಓಡಿತು ಅಂತ ಬೋರ್ಡೇ ಎಣಿಸಿ ಇಟ್ಟುಕೊಳ್ಳಲಿ. ಲ್ಯಾಪ್‌ಟಾಪ್ ಎದ್ದಾಗ ಅದನ್ನು ಕೇಳಿ ಬಾಕಿ ಓಡಿಸಲಿ. ಬೂಟ್‌ಟೈಮ್ ಬಿಸಾಡಬೇಡಿ. ಅದರಲ್ಲಿ ಮೊನೊಟಾನಿಕ್ ಕಳೆದರೆ ಲ್ಯಾಪ್‌ಟಾಪ್ ಒಟ್ಟು ಎಷ್ಟು ಮಲಗಿದೆ ಅಂತ ಸಿಗುತ್ತದೆ. ಆ ಅಂತರ ಬೆಳೆದರೆ ಲಾಗ್‌ನಲ್ಲಿ ‘ಇಲ್ಲಿ ನಿದ್ದೆ’ ಅಂತ ಒಂದು ಸಾಲು ಬರೆಯಿರಿ. ಕ್ಯಾಲೆಂಡರ್ ಸಮಯ ಲಾಗ್‌ನಲ್ಲಿ ತೋರಿಸೋಕೆ ಮಾತ್ರ. ಬೂಟ್ ಐಡಿ ಅಂತ ಒಂದಿದೆ, ಪ್ರತಿ ರೀಸ್ಟಾರ್ಟ್‌ಗೂ ಬದಲಾಗುತ್ತದೆ. ಅದನ್ನೂ ಬರೆದಿಟ್ಟರೆ ಹಳೇ ಎಣಿಕೆಯಲ್ಲಿ ಹೊಸದನ್ನು ಕಳೆಯುವ ತಪ್ಪು ಆಗಲ್ಲ.

ಸಾಲಗಾಮೆ ರೋಡ್

ಟವರ್ ನಂಬಿಕೊಂಡು ಕೂರಬೇಡಿ ಸರ್. ಪಂಪ್‌ಹೌಸ್ ಸೂರಿನ ಮೇಲೆ ಒಂದು ಜಿಪಿಎಸ್ ಮಾಡ್ಯೂಲ್ ಹಾಕಿದರೆ ಇಂಟರ್‌ನೆಟ್ ಇಲ್ಲದೆಯೂ ತಾರೀಖು ಸರಿ ಬರುತ್ತದೆ. ಇಲ್ಲ ಅಂದರೆ ಬೋರ್ಡ್‌ಗೇ ಡಿಎಸ್ 3231 ಅನ್ನುವ ಗಡಿಯಾರ ಚಿಪ್. ಅದು ಚಳಿ ಬಿಸಿ ನೋಡಿಕೊಂಡು ತಾನೇ ಸರಿಮಾಡಿಕೊಳ್ಳುತ್ತದೆ.

ಉಬುಂಟುವಿನಲ್ಲಿ ಕ್ರೋನಿ (ಇಂಟರ್‌ನೆಟ್ ನೋಡಿ ಗಡಿಯಾರ ಸರಿಮಾಡುವ ಪ್ರೋಗ್ರಾಂ) ಹಾಕಿದ್ದರೆ ಒಂದು ವಿಷಯ. ಅದರ ಮಾಮೂಲಿ ಸೆಟ್ಟಿಂಗ್‌ನಲ್ಲಿ ಶುರುವಾದ ಮೇಲೆ ಮೊದಲ ಮೂರು ಸಲ ಮಾತ್ರ ಗಡಿಯಾರ ಹಾರಿಸುತ್ತದೆ. ಆಮೇಲೆ ಮೆಲ್ಲಗೆ ಎಳೆಯುತ್ತದೆ. ನಿದ್ದೆಯಿಂದ ಎದ್ದಾಗ ತಪ್ಪು ದೊಡ್ಡದಿದ್ದರೆ ಸರಿಹೋಗೋಕೆ ಹೊತ್ತು ಹಿಡಿಯುತ್ತದೆ.

ತೋಟದಮನೆ

ನಾಲ್ಕು ದಿನದ ಮೇಲೆ ಬರೆಯುತ್ತಿದ್ದೇನೆ. ಸೆಲ್ ಬದಲಿಸಿದೆ, ಹಳೆಯದು 1.1 ವೋಲ್ಟ್ ಇತ್ತು. ಸೊಲೆನಾಯ್ಡ್ ವೈರಿಂಗ್ ತಿರುಗಿಸಿದೆ. ಫ್ಲೋಟ್ ಸ್ವಿಚ್ ಬಂತು. ಎಂಜಿನ್‌ಗೆ ಹಾಕುವ ಮೊದಲು ಅಡುಗೆಮನೆ ಮೇಜಿನ ಮೇಲೆ ಒಂದು ಬಲ್ಬ್ ಇಟ್ಟು ನೋಡಿದೆ. ಬಲ್ಬೇ ಎಂಜಿನ್ ಅಂದುಕೊಳ್ಳಿ. ಹತ್ತು ನಿಮಿಷ ಉರಿಸಿ ಲ್ಯಾಪ್‌ಟಾಪ್ ಮುಚ್ಚಿದೆ. ಐದು ನಿಮಿಷಕ್ಕೆ ಬಲ್ಬ್ ಆರಿತು. ಅಮ್ಮ ಕರೆಂಟ್ ಹೋಯ್ತು ಅಂದುಕೊಂಡರು. ನಲವತ್ತು ನಿಮಿಷ ಬಿಟ್ಟು ತೆರೆದೆ. ಬೂಟ್‌ಟೈಮ್‌ನಲ್ಲಿ ಮೊನೊಟಾನಿಕ್ ಕಳೆದರೆ 2,396 ಸೆಕೆಂಡ್. ಬೋರ್ಡ್ ‘15 ನಿಮಿಷ ಓಡಿದೆ’ ಅಂತು. ಪ್ರೋಗ್ರಾಂ ‘165 ಬಾಕಿ’ ಅಂತ ಬರೆದು ಬಲ್ಬ್ ಮತ್ತೆ ಹಚ್ಚಿತು.

ನಿಜವಾದ ಎಂಜಿನ್ ಮತ್ತೆ ಶುರು ಆಗೋಕೆ ಮಾತ್ರ ಕೈಯಿಂದಲೇ ಹೋಗಬೇಕು. ಅಷ್ಟು ಧೈರ್ಯ ನನಗಿನ್ನೂ ಬಂದಿಲ್ಲ.

ವೈಂಡಿಂಗ್ ಅಂಗಡಿ

ಬರಬಾರದು. ಪಕ್ಕದಲ್ಲಿ ಮನುಷ್ಯ ಇಲ್ಲದೆ ಎಂಜಿನ್ ತಾನೇ ಶುರು ಆಗುವ ಹಾಗೆ ಮಾಡಲೇಬೇಡಿ.

ಮಳೆಪುಸ್ತಕ

ನಮ್ಮಲ್ಲಿ ನಿನ್ನೆ ರಾತ್ರಿ 1 ಇಂಚು 10 ಸೆಂಟ್ ಮಳೆ (ನೂರು ಸೆಂಟ್ ಅಂದರೆ ಒಂದು ಇಂಚು). ನಿಮ್ಮ ಕಡೆ ಬಂತಾ?

ತೋಟದಮನೆ

95 ಸೆಂಟ್ ಸರ್. ಬೆಳಗ್ಗೆ ಪೈಪ್ ಸುತ್ತಿಸಿದೆ. ಪ್ರೋಗ್ರಾಂ ಅಡುಗೆಮನೆ ಮೇಜಿನ ಮೇಲೇ ಇದೆ.